ಟೆಸ್ಟ್ ಓಡಿಸಲು ಡಾಕರ್ರೇ ಬೇಕಾ?

ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದಕ್ಕೆ ಎರಡೇ ಸಾಲಿನ ತಿದ್ದುಪಡಿ ಕಳಿಸೋಣ ಅಂತ ಒಂದು ಶನಿವಾರ ಕೂತಿದ್ದೆ. ಕೋಡ್ ಇಳಿಸಿಕೊಂಡು ಟೆಸ್ಟ್ ಓಡಿಸಿದರೆ ಒಂದೂ ಓಡಲಿಲ್ಲ. 'ಡಾಕರ್ ಸಿಗಲಿಲ್ಲ' ಎಂಬ ಸಂದೇಶ ಬಂತು. ಡಾಕರ್ ಅಂದರೆ ಕಂಟೇನರ್ ಓಡಿಸುವ ಟೂಲ್; ಕಂಟೇನರ್ ಅಂದರೆ ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಬೇರೆಯಾಗಿ ಓಡಿಸುವ ಡಬ್ಬಿ. ನನ್ನದು ಫೆಡೋರಾ ಲಿನಕ್ಸ್, ಅದರಲ್ಲಿ ಪಾಡ್‌ಮನ್ ಇತ್ತು, ಅದೂ ಅದೇ ಕೆಲಸ ಮಾಡುತ್ತದೆ. ಆದರೆ ಟೆಸ್ಟ್ ಅದನ್ನು ಹುಡುಕಲೇ ಇಲ್ಲ. ಇಡೀ ದಿನ ಅದರಲ್ಲೇ ಹೋಯಿತು.

ಟೆಸ್ಟ್‌ಗೆ ಕಂಟೇನರ್ ಯಾಕೆ ಬೇಕು? ನಿಮ್ಮ ಪ್ರೋಗ್ರಾಮ್ ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಮಾತಾಡುತ್ತದೆ ಅಂದುಕೊಳ್ಳಿ. ಅದು ಸರಿಯಾಗಿ ಮಾತಾಡುತ್ತಿದೆಯಾ ಅಂತ ನೋಡಲು ನಿಜವಾದ ಪೋಸ್ಟ್‌ಗ್ರೆಸ್ಸೇ ಬೇಕು. ಮದುವೆಗೆ ಶಾಮಿಯಾನ, ಪಾತ್ರೆ ಎಲ್ಲ ಬಾಡಿಗೆಗೆ ತರಿಸಿ ಮಾರನೇ ದಿನ ವಾಪಸ್ ಕಳಿಸುತ್ತೇವಲ್ಲ, ಹಾಗೆ ಟೆಸ್ಟ್ ಶುರುವಾದಾಗ ಡೇಟಾಬೇಸ್ ಇರುವ ಕಂಟೇನರ್ ಏಳುತ್ತದೆ, ಮುಗಿದಾಗ ಅಳಿಸಿಹೋಗುತ್ತದೆ. ಜಾವಾದಲ್ಲಿ ಹುಟ್ಟಿದ ಟೆಸ್ಟ್‌ಕಂಟೇನರ್ಸ್ ಎಂಬ ಲೈಬ್ರರಿ ಇದನ್ನು ತುಂಬ ಸುಲಭ ಮಾಡಿತು.

ಡಾಕರ್ 2013ರಲ್ಲಿ ಬಂದು ಕಂಟೇನರ್‌ಗಳನ್ನು ಮನೆಮಾತಾಗಿಸಿತು. ಆದರೆ ಕಂಟೇನರ್‌ನ ಜೀವ ಇರುವುದು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ. ನೇಮ್‌ಸ್ಪೇಸ್ ಎಂಬ ಸೌಲಭ್ಯ ಒಂದು ಪ್ರೋಗ್ರಾಮ್‌ಗೆ ಏನೇನು ಕಾಣಬೇಕು ಅಂತ ಗೆರೆ ಎಳೆಯುತ್ತದೆ, ಸಿಗ್ರೂಪ್ ಎಂಬುದು ಎಷ್ಟು ಮೆಮೊರಿ, ಎಷ್ಟು ಸಿಪಿಯು ಅಂತ ಅಳತೆ ಹಾಕುತ್ತದೆ. ಇವನ್ನು ಯಾರು ಬೇಕಾದರೂ ಬಳಸಬಹುದು. 2015ರಲ್ಲಿ ಶುರುವಾದ ಓಪನ್ ಕಂಟೇನರ್ ಇನಿಶಿಯೇಟಿವ್ ಕಂಟೇನರ್ ಇಮೇಜ್ (ಕಂಟೇನರ್ ಏಳಿಸಲು ಬಳಸುವ ಸಿದ್ಧ ಅಚ್ಚು) ಹೇಗಿರಬೇಕು, ಅದನ್ನು ಹೇಗೆ ಓಡಿಸಬೇಕು ಎಂಬುದಕ್ಕೆ ಎಲ್ಲರಿಗೂ ಒಪ್ಪುವ ನಿಯಮ ಬರೆಯಿತು. ಹಾಗಾಗಿ ಡಾಕರ್‌ನಲ್ಲಿ ಕಟ್ಟಿದ ಇಮೇಜ್ ಪಾಡ್‌ಮನ್‌ನಲ್ಲೂ ಓಡುತ್ತದೆ.

ಜನ ಬೇರೆ ಟೂಲ್ ಹಿಡಿಯುವುದು ಸುಮ್ನೆ ಅಲ್ಲ. ಡಾಕರ್ ಡೆಸ್ಕ್‌ಟಾಪ್‌ನ ನಿಯಮ 2021ರಲ್ಲಿ ಬದಲಾಯಿತು. 250ಕ್ಕಿಂತ ಜಾಸ್ತಿ ಉದ್ಯೋಗಿಗಳು ಅಥವಾ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಜಾಸ್ತಿ ಆದಾಯ ಇರುವ ಕಂಪನಿಗಳು ಹಣ ಕೊಡಬೇಕಾಯಿತು. ಆಗ ಮ್ಯಾಕ್ ಬಳಸುವ ಎಷ್ಟೋ ಜನ ಕೊಲಿಮಾ, ರಾಂಚರ್ ಡೆಸ್ಕ್‌ಟಾಪ್ ಎಂಬ ಇಂಥದೇ ಬೇರೆ ಟೂಲ್‌ಗಳ ಕಡೆ ನೋಡಿದರು. ನನಗೆ ಇನ್ನೊಂದು ಕಾರಣವೇ ದೊಡ್ಡದು. ಡಾಕರ್ ಮಾಮೂಲಾಗಿ ಹಿನ್ನೆಲೆಯಲ್ಲಿ ರೂಟ್ ಅಧಿಕಾರದಲ್ಲಿ, ಅಂದರೆ ಇಡೀ ಕಂಪ್ಯೂಟರ್ ಮೇಲಿನ ಪೂರ್ತಿ ಅಧಿಕಾರದಲ್ಲಿ, ಓಡುತ್ತಿರುತ್ತದೆ. ಕಾಲೇಜ್ ಲ್ಯಾಬ್‌ನಲ್ಲೋ ಆಫೀಸಿನ ಲ್ಯಾಪ್‌ಟಾಪ್‌ನಲ್ಲೋ ಅಷ್ಟು ಅಧಿಕಾರ ಯಾರು ಕೊಡುತ್ತಾರೆ? ಪಾಡ್‌ಮನ್‌ಗೆ ಹಾಗೆ ಸದಾ ಓಡುವ ಪ್ರೋಗ್ರಾಮ್ ಬೇಕಿಲ್ಲ, ಸಾಮಾನ್ಯ ಬಳಕೆದಾರರೂ ಓಡಿಸಬಹುದು.

ಹಾಗಾದರೆ ತೊಡಕು ಎಲ್ಲಿ? ಕಮಾಂಡ್‌ಗಳು ಬಹುತೇಕ ಒಂದೇ ಥರ ಇವೆ. ಆದರೆ ಟೆಸ್ಟ್ ಲೈಬ್ರರಿಗಳು ಸಾಮಾನ್ಯವಾಗಿ ಕಮಾಂಡ್ ಬಳಸದೆ, ಸಾಕೆಟ್ ಎಂಬ ವಿಶೇಷ ಫೈಲ್ ಮೂಲಕ ಡಾಕರ್ ಜೊತೆ ನೇರ ಮಾತಾಡುತ್ತವೆ. 2020ರ ಪಾಡ್‌ಮನ್ 2.0ರಿಂದ ಪಾಡ್‌ಮನ್ ಕೂಡ ಅದೇ ಭಾಷೆಯಲ್ಲಿ ಉತ್ತರ ಕೊಡುತ್ತದೆ, ಆದರೆ ಅದರ ಸಾಕೆಟ್ ಬೇರೆ ಜಾಗದಲ್ಲಿರುತ್ತದೆ, ಅದನ್ನು ನಾವೇ ಚಾಲೂ ಮಾಡಬೇಕಾಗಬಹುದು. ಡಾಕರ್ ಸಾಕೆಟ್‌ನ ವಿಳಾಸವನ್ನು ಕೋಡ್‌ನಲ್ಲೇ ಬರೆದುಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಇಮೇಜ್ ಹೆಸರಿನದೂ ಹಾಗೇ. ಬರೀ 'ಪೋಸ್ಟ್‌ಗ್ರೆಸ್' ಅಂದರೆ ಡಾಕರ್ ತನ್ನ ಹಬ್ ಎಂಬ ಇಮೇಜ್ ಕಣಜದಿಂದಲೇ ತರುತ್ತದೆ, ಪಾಡ್‌ಮನ್ ಮಾತ್ರ ಯಾವ ಕಣಜದಿಂದ ತರಲಿ ಅಂತ ಕೇಳಬಹುದು. ಕೇಳಿದ್ದಕ್ಕೆ ಉತ್ತರಿಸಲು ಟೆಸ್ಟ್ ಸರ್ವರ್ ಮುಂದೆ ಯಾರೂ ಕೂತಿರುವುದಿಲ್ಲ ಅಲ್ವಾ? ಪೂರ್ತಿ ಹೆಸರು ಬರೆದರೆ ಎರಡೂ ಕಡೆ ಸಲೀಸು.

ನನ್ನನ್ನು ಜಾಸ್ತಿ ಕಾಡಿದ್ದು ಫೈಲ್‌ಗಳ ಒಡೆತನ. ರೂಟ್ ಅಧಿಕಾರ ಇಲ್ಲದೆ ಓಡಿಸಿದಾಗ ಕಂಟೇನರ್ ಒಳಗಿನ ಬಳಕೆದಾರ ಸಂಖ್ಯೆ 999, ಹೊರಗೆ 100998ರಂಥ ಸಂಖ್ಯೆಯಾಗಿ ಕಾಣುತ್ತದೆ. ಟೆಸ್ಟ್ ಮುಗಿದ ಮೇಲೆ ಆ ಸಂಖ್ಯೆಯ ಒಡೆತನದಲ್ಲಿ ಉಳಿದ ಫೈಲ್ ಅಳಿಸಲು ಹೋದರೆ ನನ್ನದೇ ಫೋಲ್ಡರ್‌ನಲ್ಲಿ ನನಗೇ ಅನುಮತಿ ಇಲ್ಲ! ಆದರೂ ಇದನ್ನು ನಾನು ಒಳ್ಳೆಯದು ಅಂತಲೇ ಹೇಳುತ್ತೇನೆ. ನಮ್ಮ ಸಾಫ್ಟ್‌ವೇರ್ ಗೊತ್ತಿಲ್ಲದೆ ರೂಟ್ ಅಧಿಕಾರವನ್ನು ನಂಬಿ ಕೂತಿದ್ದರೆ ಅದು ಇಂಥ ಕಡೆಯೇ ಹೊರಬೀಳುವುದು.

ಪ್ರಾಜೆಕ್ಟ್ ನಡೆಸುವವರಲ್ಲಿ ನನ್ನ ಕೋರಿಕೆ ಚಿಕ್ಕದು. ಸಾಕೆಟ್ ವಿಳಾಸವನ್ನು ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ (ಕೋಡ್ ಮುಟ್ಟದೆ ಹೊರಗಿನಿಂದ ಕೊಡಬಹುದಾದ ಸೆಟ್ಟಿಂಗ್) ಓದಿ. ಪ್ರತಿ ಬದಲಾವಣೆಗೂ ತಾನಾಗಿ ಓಡುವ ಟೆಸ್ಟ್‌ಗಳಲ್ಲಿ ಪಾಡ್‌ಮನ್‌ನದೂ ಒಂದು ಸುತ್ತು ಇರಲಿ, ಇಲ್ಲದಿದ್ದರೆ ಇವತ್ತು ಸರಿಮಾಡಿದ್ದು ಮುಂದಿನ ತಿಂಗಳು ಮತ್ತೆ ಮುರಿಯುತ್ತದೆ. ಅದಕ್ಕೂ ಸಮಯ ಇಲ್ಲವಾದರೆ 'ಡಾಕರ್ ಸಿಗಲಿಲ್ಲ' ಎಂಬ ಆ ಸಂದೇಶವನ್ನಾದರೂ ಬದಲಿಸಿ: 'ಯಾವ ಕಂಟೇನರ್ ಟೂಲೂ ಸಿಗಲಿಲ್ಲ, ಈ ಈ ಜಾಗಗಳಲ್ಲಿ ಹುಡುಕಿದೆವು.' ಅಷ್ಟಿದ್ದಿದ್ದರೆ ನನ್ನ ಶನಿವಾರ ಉಳಿಯುತ್ತಿತ್ತು.