ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಅಡಿ ಡೀಸೆಲ್: ಬಯಲುಸೀಮೆಯ ಹಳೇ ಜೀಪುಗಳು ಹೀಗಾಗಿದ್ದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಳೇ ಜೀಪು ಮಾರಾಟಕ್ಕಿದೆ ಅಂದರೆ ಕೊಳ್ಳುವವರು ಎರಡು ಪ್ರಶ್ನೆ ಕೇಳುತ್ತಾರೆ. ಒಳಗಿರೋ ಎಂಜಿನ್ ಯಾವುದು? ಆರ್‌ಸಿಯಲ್ಲಿ ಬರೆದಿರೋ ಎಂಜಿನ್ ಯಾವುದು? ಎರಡಕ್ಕೂ ಒಂದೇ ಉತ್ತರ ಬಂದರೆ ಗಾಡಿಗೆ ಒಳ್ಳೆ ಬೆಲೆ. ಬೇರೆ ಬೇರೆ ಬಂದರೆ ಚೌಕಾಸಿ ಅಲ್ಲಿಂದಲೇ ಶುರು. ಎಷ್ಟೋ ಗಾಡಿಗಳಲ್ಲಿ ಉತ್ತರ ಬೇರೆಯೇ ಇರುತ್ತದೆ. ಚಾಸಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಂಪನಿಯದ್ದು, ಗೇರ್ ಬಾಕ್ಸ್ ಮತ್ತೊಂದು ಗಾಡಿಯದ್ದು. ಇವತ್ತಿನ ಕಾನೂನು ಇದನ್ನು ತಪ್ಪು ಅನ್ನುತ್ತದೆ. ಆದರೆ ಈ ಗಾಡಿಗಳಲ್ಲಿ ಹೆಚ್ಚಿನವು ಶೋಕಿಗಾಗಿ ಹೀಗಾದವಲ್ಲ. ಹೊಟ್ಟೆಪಾಡಿಗಾಗಿ ಆದವು.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ. 1941ರಿಂದ ಅಮೆರಿಕದ ಸೇನೆಗೆ ವಿಲ್ಲೀಸ್ ಕಂಪನಿ ಕೊಟ್ಟ ಗಾಡಿಯಲ್ಲಿ ಇದ್ದದ್ದು 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿ ಅದೇ ವಿಲ್ಲೀಸ್ ಜೀಪುಗಳ ಭಾಗಗಳನ್ನು ತರಿಸಿ ಇಲ್ಲೇ ಜೋಡಿಸಿತು, ಆಮೇಲೆ ಪೂರ್ತಿ ಇಲ್ಲೇ ತಯಾರಿಸಿತು. ನಮ್ಮ ಕಡೆ ಹಳಬರ ನೆನಪಲ್ಲಿರೋ ಎತ್ತರದ ಬಾನೆಟ್ಟಿನ ಜೀಪು ಸಿಜೆ-3ಬಿ. ಬಾನೆಟ್ ಎತ್ತರ ಆಗಿದ್ದಕ್ಕೂ ಕಾರಣ ಎಂಜಿನ್ನೇ. ಗಾಳಿ-ಪೆಟ್ರೋಲ್ ಒಳಗೆಳೆಯುವ ವಾಲ್ವನ್ನು ಎಂಜಿನ್ನಿನ ಹೆಡ್ಡಿನ ಮೇಲೆ ಇಟ್ಟಿದ್ದರಿಂದ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚೋಕೆ ಬಾನೆಟ್ ಕೂಡ ಏರಿತು. 2199 ಸಿಸಿಯ ಆ ಎಂಜಿನ್ ಗಟ್ಟಿಮುಟ್ಟಾಗಿತ್ತು. ಪೆಟ್ರೋಲ್ ಮಾತ್ರ ಚೆನ್ನಾಗಿ ಕುಡಿಯುತ್ತಿತ್ತು.

ಆಗ ಜೀಪು ಅಂದರೆ ಸರ್ಕಾರದ ಗಾಡಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬಿಡಿಓ (ಬ್ಲಾಕ್ ಅಭಿವೃದ್ಧಿ ಅಧಿಕಾರಿ) ಸಾಹೇಬರ ಜೀಪು ಹಳ್ಳಿಗೆ ಬರೋದೇ ಒಂದು ಸುದ್ದಿ. ಪೆಟ್ರೋಲ್ ಖರ್ಚು ಇಲಾಖೆಯದ್ದಾದ್ದರಿಂದ ಮೈಲೇಜ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗಾಡಿ ಹಳೇದಾದ ಮೇಲೆ ಇಲಾಖೆ ಹರಾಜು ಹಾಕಿತು. ಹರಾಜಿನಲ್ಲಿ ಕೂಗಿದವರು ರೈತರು, ಕಲ್ಲು ಕ್ವಾರಿಯವರು, ಬಾಡಿಗೆ ಓಡಿಸುವವರು. ಬಾಗೇಪಲ್ಲಿ, ಶ್ರೀನಿವಾಸಪುರ, ಪಾವಗಡದಂಥ ಗಡಿ ತಾಲ್ಲೂಕುಗಳಲ್ಲಿ ಬಸ್ಸು ಹೋಗದ ಊರಿಗೆ ಜೀಪು ಹೋಗುತ್ತಿತ್ತು. ಒಳಗೆ ಎಷ್ಟು ಜನ ಹಿಡಿಸುತ್ತಾರೋ ಅಷ್ಟು, ಹಿಂದೆ ಜೋತುಬಿದ್ದವರು ಬೇರೆ.

ಖರ್ಚು ಸ್ವಂತದ್ದಾದ ಕೂಡಲೇ ಲೆಕ್ಕ ಬದಲಾಯಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಪೆಟ್ರೋಲ್ ಹಾಕಿಸಿ ಬಾಡಿಗೆ ಓಡಿಸಿದರೆ ಕೈಯಿಂದ ಹೋಗುತ್ತಿತ್ತು. ಡೀಸೆಲ್ ಬೆಲೆ ಪೆಟ್ರೋಲಿಗಿಂತ ಬಹಳ ಕಮ್ಮಿ, ಜೊತೆಗೆ ಮೈಲೇಜ್ ಜಾಸ್ತಿ. ಹಾಗಾಗಿ ಗ್ಯಾರೇಜುಗಳಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸೋ ಕೆಲಸ ಶುರುವಾಯಿತು. ಟ್ರ್ಯಾಕ್ಟರಿನ ಸಂಬಂಧದ ಎಂಜಿನ್, ಮ್ಯಾಟಡಾರ್‌ನ ಎಂಜಿನ್, ಮುಂದೆ ಅಂಬಾಸಿಡರ್‌ನ ಡೀಸೆಲ್ ಎಂಜಿನ್, ಗುಜರಿಯಲ್ಲಿ ಯಾವುದು ಸಿಕ್ಕರೆ ಅದು.

ಈ ಕೆಲಸ ಹೊರಗಿನಿಂದ ಕಂಡಷ್ಟು ಸುಲಭ ಅಲ್ಲ. ಎಂಜಿನ್ನಿನ ಹಿಂಭಾಗದ ಬೋಲ್ಟ್ ತೂತುಗಳಿಗೂ ಗೇರ್ ಬಾಕ್ಸಿನ ಮುಂಭಾಗದ ತೂತುಗಳಿಗೂ ತಾಳೆ ಇರೋದಿಲ್ಲ. ನಡುವೆ ದಪ್ಪ ಕಬ್ಬಿಣದ ತಟ್ಟೆಯೊಂದು ಬೇಕು. ಅದನ್ನು ಅಡಾಪ್ಟರ್ ಪ್ಲೇಟ್ ಅನ್ನುತ್ತಾರೆ. ಒಂದು ಮುಖದಲ್ಲಿ ಎಂಜಿನ್ನಿನ ಅಳತೆ, ಇನ್ನೊಂದು ಮುಖದಲ್ಲಿ ಗೇರ್ ಬಾಕ್ಸಿನ ಅಳತೆ. ಎರಡರ ಸೆಂಟರ್ ಒಂದೇ ಆಗಿರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಗೇರ್ ಬಾಕ್ಸಿನ ಶಾಫ್ಟ್ ಓರೆಯಾಗಿ ತಿರುಗುತ್ತದೆ. ಮೊದಲು ಕ್ಲಚ್ ಅದುರುತ್ತದೆ, ಆಮೇಲೆ ಬೇರಿಂಗ್ ಹೋಗುತ್ತದೆ, ಕೊನೆಗೆ ಓಡುತ್ತಿರುವಾಗಲೇ ಗೇರ್ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. ಒಳ್ಳೆ ಮೇಸ್ತ್ರಿ ಡಯಲ್ ಗೇಜ್ ಅನ್ನೋ ಮುಳ್ಳಿನ ಅಳತೆ ಸಾಧನ ಇಟ್ಟು ಸೆಂಟರ್ ನೋಡಿ, ಮುಳ್ಳು ಅಲ್ಲಾಡದ ತನಕ ಪ್ಲೇಟನ್ನು ಬಿಗಿಯೋದೇ ಇಲ್ಲ.

ಲೇತ್ ಕೆಲಸಕ್ಕೆ ಈ ಜಿಲ್ಲೆಗಳಲ್ಲಿ ಕೊರತೆ ಇರಲಿಲ್ಲ. ವರ್ಷವಿಡೀ ಹರಿಯೋ ನದಿ ಇಲ್ಲದ ನಾಡು, ಕೊಳವೆಬಾವಿ ಇಲ್ಲದೆ ಬೆಳೆ ಇಲ್ಲ. ಪಂಪಿನ ಶಾಫ್ಟ್, ಬುಷ್, ಟ್ರ್ಯಾಕ್ಟರಿನ ಪಿನ್ ತಿರುವಿಕೊಡೋ ಲೇತ್ ಅಂಗಡಿ ಚಿಂತಾಮಣಿ, ಮುಳಬಾಗಿಲು, ಶಿರಾದಂಥ ಊರುಗಳಲ್ಲೆಲ್ಲ ಇತ್ತು. ತುಮಕೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ, ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮತ್ತು ಬೆಮೆಲ್ ಕಾರ್ಖಾನೆ, ಅಂದರೆ ಅಳತೆ ಗೊತ್ತಿರೋ ಕೈಗಳೂ ಇದ್ದವು. ಪಂಪಿಗೆ ಬುಷ್ ತಿರುವೋ ಲೇತಿನಲ್ಲೇ ಜೀಪಿನ ಅಡಾಪ್ಟರ್ ಪ್ಲೇಟೂ ಆಗುತ್ತಿತ್ತು.

ಎಂಜಿನ್ ಕೂತ ಮೇಲೆ ಉಳಿದ ತಾಪತ್ರಯ ಶುರು. ಡೀಸೆಲ್ ಎಂಜಿನ್ನಿಗೆ ತೂಕ ಜಾಸ್ತಿ, ಮುಂದಿನ ಸ್ಪ್ರಿಂಗ್ ಪಟ್ಟಿಗಳು ಕುಸಿಯುತ್ತವೆ. ಅದಕ್ಕೆ ಇನ್ನೊಂದು ಪಟ್ಟಿ ಸೇರಿಸಬೇಕು. ಹಳೇ ಜೀಪಿನ ಕ್ರೌನ್-ಪಿನಿಯನ್ (ಆಕ್ಸಲ್ ಒಳಗಿನ ಹಲ್ಲಿನ ಚಕ್ರಗಳ ಜೋಡಿ) ಲೆಕ್ಕ 5.38, ಅಂದರೆ ಚಕ್ರ ಒಂದು ಸುತ್ತು ತಿರುಗೋಕೆ ಎಂಜಿನ್ ಕಡೆಯಿಂದ ಆಕ್ಸಲ್ಲಿಗೆ ಹೋಗೋ ಪ್ರಪೆಲ್ಲರ್ ಶಾಫ್ಟ್ ಐದೂಕಾಲು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಬೇಕು. ವೇಗವಾಗಿ ಸುತ್ತೋ ಪೆಟ್ರೋಲ್ ಎಂಜಿನ್ನಿಗೆ ಅದು ಸರಿ. ನಿಧಾನಕ್ಕೆ ಸುತ್ತೋ ಡೀಸೆಲ್ಲಿಗೆ ಅದೇ ಲೆಕ್ಕ ಇಟ್ಟರೆ ಅರವತ್ತು ಕಿಲೋಮೀಟರ್ ವೇಗಕ್ಕೇ ಎಂಜಿನ್ ಅರಚುತ್ತದೆ. ಹಾಗಾಗಿ ಕ್ರೌನ್-ಪಿನಿಯನ್ ಬದಲಾಯಿಸಿದರು. ದೊಡ್ಡ ತಪ್ಪು ನಡೆದದ್ದು ಇಲ್ಲೇ. ದುಡ್ಡು ಉಳಿಸೋಕೆ ಹಿಂದಿನ ಆಕ್ಸಲ್ಲಿನದನ್ನು ಮಾತ್ರ ಬದಲಾಯಿಸಿ ಮುಂದಿನ ಆಕ್ಸಲ್ಲಿನದನ್ನು ಹಾಗೇ ಬಿಟ್ಟ ಗಾಡಿಗಳಿವೆ. ಟೂ ವೀಲ್‌ನಲ್ಲಿ ಓಡಿಸುವಾಗ ಏನೂ ಗೊತ್ತಾಗೋದಿಲ್ಲ. ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರ ಒಂದು ಲೆಕ್ಕದಲ್ಲಿ, ಹಿಂದಿನದು ಇನ್ನೊಂದು ಲೆಕ್ಕದಲ್ಲಿ ತಿರುಗೋಕೆ ಹೋಗಿ ಒಂದನ್ನೊಂದು ಎಳೆದಾಡುತ್ತವೆ. ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚೋ ಪೆಟ್ಟಿಗೆ) ಒಡೆಯುತ್ತದೆ, ಇಲ್ಲವೇ ಶಾಫ್ಟಿನ ಕೀಲಿನಲ್ಲಿರೋ ಯುಜೆ ಕ್ರಾಸ್ ಮುರಿಯುತ್ತದೆ. ಹಳೇ ಫೋರ್ ವೀಲ್ ಗಾಡಿ ಕೊಳ್ಳುವವರು ಮುಂದಿನ, ಹಿಂದಿನ ಎರಡೂ ಪ್ರಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗಾಡಿಯನ್ನು ಒಂದು ಚಕ್ರದ ಸುತ್ತಿನಷ್ಟು ನೇರ ತಳ್ಳಿಸಿ, ಯಾವ ಶಾಫ್ಟ್ ಎಷ್ಟು ತಿರುಗಿತು ಅಂತ ಎಣಿಸಲೇಬೇಕು. ಹೊಸ ಪೇಂಟ್ ನೋಡಿ ಮರುಳಾಗಬೇಡಿ.

ಗ್ಯಾರೇಜುಗಳು ಮಾಡುತ್ತಿದ್ದ ಕೆಲಸದ ಹಾದಿಗೇ ಕಂಪನಿಯೂ ಬಂತು. ಮಹೀಂದ್ರ ತನ್ನ ಜೀಪುಗಳಿಗೆ ಡೀಸೆಲ್ ಹಾಕಿತು. 1980ರ ದಶಕದಲ್ಲಿ ಬಂದ ಪ್ಯೂಜೊ ಮೂಲದ 2112 ಸಿಸಿ ಎಂಜಿನ್, ಅದನ್ನು ಹೊತ್ತ ಎಂಎಂ540 ಇವತ್ತಿಗೂ ಈ ಕಡೆ ಓಡಾಡುತ್ತಿವೆ. 1985ರ ಡಿಸೆಂಬರಿನಲ್ಲಿ ಮಾರುತಿ ಜಿಪ್ಸಿ ಬಂತು. 970 ಸಿಸಿಯ ಹಗುರ ಪೆಟ್ರೋಲ್ ಗಾಡಿ. 1996ರಲ್ಲಿ ಅದಕ್ಕೆ 1298 ಸಿಸಿ ಎಂಜಿನ್ ಸಿಕ್ಕಿತು. ಜಬಲ್‌ಪುರದಲ್ಲಿ ತಯಾರಾಗಿ, ಸೇನೆ ಬಳಸಿ ಮಾರಿದ ಜೋಂಗಾಗಳೂ ಬಂದವು. ಅದು ನಿಸಾನ್ ವಿನ್ಯಾಸದ ಆರು ಸಿಲಿಂಡರಿನ ಪೆಟ್ರೋಲ್ ಗಾಡಿ, ಸುಮಾರು ನಾಲ್ಕು ಲೀಟರ್ ಎಂಜಿನ್. ಸಾಕೋಕೆ ಆಗದೆ ಬಹಳ ಜೋಂಗಾಗಳ ಎಂಜಿನ್ನೂ ಡೀಸೆಲ್ಲಾಯಿತು.

ಇಲ್ಲಿನ ಹವೆಯೂ ಹಳೇ ಗಾಡಿಗಳನ್ನು ಉಳಿಸಿತು. ಮಳೆ ಕಮ್ಮಿ, ಹಾಗಾಗಿ ಮಲೆನಾಡಿನ ಗಾಡಿಗಳಂತೆ ಚಾಸಿ ಬೇಗ ತುಕ್ಕು ತಿನ್ನೋದಿಲ್ಲ. ಇಲ್ಲಿ ಶತ್ರು ಧೂಳು. ಕ್ವಾರಿ ಧೂಳು, ಕೆಮ್ಮಣ್ಣಿನ ಧೂಳು ಮುಂದಿನ ಚಕ್ರ ಹೊರಳೋ ಕೀಲಾದ ಕಿಂಗ್ ಪಿನ್ನಿಗೆ, ಬುಷ್‌ಗಳಿಗೆ ಹೋಗಿ ಕೂರುತ್ತದೆ. ಭಾರ ಹೊತ್ತು ಹೊತ್ತು ಚಾಸಿ ಸೀಳಿರುತ್ತದೆ. ಅದನ್ನು ಪತ್ತೆ ಹಚ್ಚೋ ರೀತಿ ನೋಡೋಕೆ ಚೆಂದ. ಮೇಸ್ತ್ರಿ ಚಾಸಿಯನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಸೀಮೆಎಣ್ಣೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಪೂರ್ತಿ ಒರೆಸುತ್ತಾರೆ. ಆಮೇಲೆ ಸೀಮೆಸುಣ್ಣದ ಪುಡಿ ತಿಕ್ಕುತ್ತಾರೆ. ಸೀಳಿನೊಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕಣ್ಣಿಗೆ ಕಾಣದ ಬಿರುಕು ಐದು ನಿಮಿಷದಲ್ಲಿ ಕಾಣುತ್ತದೆ. ಸೀಳಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಮುಂದೆ ಹರಿಯದ ಹಾಗೆ ನಿಲ್ಲಿಸಿ, ಆಮೇಲೆ ವೆಲ್ಡಿಂಗ್. ತೂತು ಕೊರೆಯದೆ ಸುಮ್ನೆ ಮೇಲೆ ವೆಲ್ಡಿಂಗ್ ಎಳೆದುಬಿಡೋರನ್ನು ನಂಬಬಾರದು.

ಇನ್ನು ಕಾನೂನಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಮೊದಲಿಗೆ ಇಷ್ಟು ಬಿಗಿ ಇರಲಿಲ್ಲ. ಗಾಡಿಯಲ್ಲಿ ಬದಲಾವಣೆ ಮಾಡೋಕೆ ಮುಂಚೆ ಆರ್‌ಟಿಓಗೆ ತಿಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಏಳು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಿತು ಅಂತಲೇ ಲೆಕ್ಕ. ಹಾಗಿದ್ದರೂ ಎಷ್ಟೋ ಜನ ಅರ್ಜಿ ಹಾಕಲಿಲ್ಲ. ಎಂಜಿನ್ ಬದಲಾಯಿತು, ಆರ್‌ಸಿ ಹಾಗೇ ಉಳಿಯಿತು. ಆಗಲೇ ಬರೆಸಿಕೊಂಡವರ ಗಾಡಿಗಳಿಗೆ ಈಗ ಬೆಲೆ.

2000ನೇ ಇಸವಿಯಲ್ಲಿ ಆ ಸೆಕ್ಷನ್ ಬದಲಾಯಿತು. ತಯಾರಿಸಿದ ಕಂಪನಿ ಮೂಲದಲ್ಲಿ ಹೇಳಿದ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಅಂತಾಯಿತು. ಸಿಎನ್‌ಜಿ, ಎಲ್‌ಪಿಜಿ ಕಿಟ್ಟಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಗಾಡಿಯ ಮುಂದೆ ಹಾಕಿಸೋ ಕಬ್ಬಿಣದ ಬುಲ್ ಬಾರ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಹೇಳಿತು. 2019ರ ಜನವರಿ 9ರಂದು ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೆಕ್ಷನ್ 52ರ ಅರ್ಥ ಕಂಪನಿಯ ಮೂಲ ವಿವರ ಮೀರುವಂತಿಲ್ಲ ಅನ್ನೋದೇ ಅಂತ ಖಚಿತ ಮಾಡಿತು. ಅದೇ ವರ್ಷದ ತಿದ್ದುಪಡಿ ಶಿಕ್ಷೆಯನ್ನೂ ಬರೆಯಿತು: ಅನುಮತಿ ಇಲ್ಲದ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಈ ಬಿಗಿಗೆ ಕಾರಣ ಇದೆ. ಬೆಂಗಳೂರಿಂದ ವಾರಾಂತ್ಯಕ್ಕೆ ಬರೋ ಕೆಲವು ಗಾಡಿಗಳನ್ನು ನೋಡಿದರೆ ಭಯವಾಗುತ್ತದೆ. ಎತ್ತರ ಕಾಣಲಿ ಅಂತ ಉದ್ದದ ಶ್ಯಾಕಲ್ (ಸ್ಪ್ರಿಂಗ್ ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸೋ ಕೊಂಡಿ) ಹಾಕಿಸುತ್ತಾರೆ. ಪಟ್ಟಿಯ ಒಂದು ತುದಿ ಮಾತ್ರ ಕೆಳಗಿಳಿಯೋದರಿಂದ ಆಕ್ಸಲ್ ಓರೆಯಾಗಿ, ಚಕ್ರ ನೇರ ಓಡೋ ಹಾಗೆ ಹಿಡಿದಿಡೋ ಕ್ಯಾಸ್ಟರ್ ಕೋನ ಕೆಡುತ್ತದೆ. ಹೈವೇಯಲ್ಲಿ ಸಣ್ಣ ಗುಂಡಿಗೆ ಬಿದ್ದರೂ ಮುಂದಿನ ಚಕ್ರಗಳು ಗಡಗಡ ನಡುಗಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋದಂತಾಗುತ್ತದೆ. ಮೇಲೆ ದೊಡ್ಡ ಟೈರು, ಬ್ರೇಕ್ ಮಾತ್ರ ಹಳೇ ಡ್ರಮ್ಮು. ಪಕ್ಕದಲ್ಲಿ ಹೋಗೋ ಬೈಕಿನವನ ಜೀವವೂ ಜೀವ ಅಲ್ವಾ? ಇಂಥದ್ದನ್ನು ಹಿಡಿಯಲೇಬೇಕು.

ನನ್ನ ತಕರಾರು ಬೇರೆ. ಮೂವತ್ತು ವರ್ಷದ ಹಿಂದೆ ಸರಿಯಾಗಿ ಕೂರಿಸಿದ ಡೀಸೆಲ್ ಎಂಜಿನ್ನೂ ಮೊನ್ನೆ ಹಾಕಿಸಿದ ಉದ್ದ ಶ್ಯಾಕಲ್ಲೂ ಕಾನೂನಿನ ಮುಂದೆ ಒಂದೇ. ಮೂಲ ಭಾಗ ತಯಾರಾಗೋದು ನಿಂತ ಮೇಲೆ ಬೇರೆ ಗಾಡಿಯ ಭಾಗ ಹಾಕದೆ ರಿಪೇರಿ ಮಾಡೋದು ಹೇಗೆ? ಹಳೇ ಗಾಡಿಗಳಿಗೆ ಒಂದು ಪರೀಕ್ಷೆ ಇಡಲಿ. ಚಾಸಿ, ಬ್ರೇಕ್, ಸ್ಟೀರಿಂಗ್, ಹೊಗೆ ನಾಲ್ಕನ್ನೂ ಕಟ್ಟುನಿಟ್ಟಾಗಿ ನೋಡಲಿ. ಪಾಸಾದರೆ ಈಗಿರೋ ಎಂಜಿನ್ ನಂಬರನ್ನು ಆರ್‌ಸಿಗೆ ಸೇರಿಸಲಿ, ಫೇಲಾದರೆ ರಸ್ತೆಯಿಂದ ಇಳಿಸಲಿ. ಈಗ ಆಗುತ್ತಿರೋದು ನಂಬರ್ ತಾಳೆ ನೋಡೋ ಕೆಲಸ. ನಂಬರ್ ತಾಳೆಯಾದ ಗಾಡಿಯ ಚಾಸಿ ಸೀಳಿದ್ದರೂ ಇರಬಹುದು.

ಖರ್ಚೂ ಏರಿದೆ. 15 ವರ್ಷ ದಾಟಿದ ಖಾಸಗಿ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣವೇ ನಿಂತಿತು. ಅವು ಈಗ ಗುಜರಿ ಕೇಂದ್ರಕ್ಕೆ ಹೋಗಬೇಕು. ಹಳ್ಳಿಗಳಿಗೆ ಜೀಪು ಬರುತ್ತಿದ್ದ ಹರಾಜಿನ ದಾರಿ ಅಲ್ಲಿಗೆ ಹೆಚ್ಚುಕಮ್ಮಿ ಮುಚ್ಚಿತು.

ಹಾಗಾಗಿ ಮೇಸ್ತ್ರಿಗಳ ಹತ್ತಿರ ಈಗ ಬರೋ ಕೆಲಸವೂ ತಿರುಗುಮುರುಗಾಗಿದೆ. 2021ರ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು 20,000 ರೂಪಾಯಿ ಕಟ್ಟಿ 'ವಿಎ' ನಂಬರಿನಲ್ಲಿ ನೋಂದಾಯಿಸಬಹುದು. ದಿನಾ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಡೀಸೆಲ್ ಕೂರಿಸಿದ ಸಿಜೆ-3ಬಿಗೆ ಆ ಬಾಗಿಲು ಇಲ್ಲ. ಅದಕ್ಕೇ ಒಂದು ಕಾಲಕ್ಕೆ ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದ ಪೆಟ್ರೋಲ್ ಎಂಜಿನ್ನನ್ನೇ ಈಗ ಜನ ಹುಡುಕುತ್ತಾರೆ. ಬ್ಲಾಕ್ ಸೀಳಿರದ, ನಂಬರ್ ಓದೋಕೆ ಬರುವ ಎಂಜಿನ್ ಸಿಕ್ಕರೆ ಕೇಳಿದಷ್ಟು ಕೊಡೋಕೆ ತಯಾರು. ಅದರಲ್ಲೂ ಆರ್‌ಸಿಯಲ್ಲಿ ಇರೋ ಅದೇ ನಂಬರಿನ ಎಂಜಿನ್ ಬೇಕು ಅಂದರೆ, ಇಳಿಸಿದ ದಿನವೇ ಅದನ್ನು ಮಾರದೆ ದನದ ಕೊಟ್ಟಿಗೆಯ ಮೂಲೆಗೆ ಹಾಕಿಟ್ಟ ಮಾಲೀಕರಿಗೆ ಮಾತ್ರ ಅದು ಸಾಧ್ಯ.