ನೆತ್ತಿಯ ತೂತು ಗುಂಡೇಟಿನದಲ್ಲ

ಹಳೆ ಉಕ್ಕಿನ ಹೆಲ್ಮೆಟ್ ಹಿಡಿದು ಮೈಸೂರಿನ ನನ್ನ ಕಾರ್ಯಾಗಾರಕ್ಕೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: "ಮೇಲಿನ ಬಣ್ಣ ಪೂರ್ತಿ ಕೆರೆದು ಮಿಲಿಟರಿ ಬಣ್ಣಕ್ಕೆ ತಂದುಕೊಡಿ ಸಾರ್." ನಾನು ಒಪ್ಪುವುದಿಲ್ಲ. ಯುದ್ಧ ಕಂಡ ಹೆಲ್ಮೆಟ್ ಲಕ್ಷಾಂತರ ಇವೆ. ನಮ್ಮ ಸೀಮೆಯ ಹೆಲ್ಮೆಟ್ಟಿನ ಮಹತ್ವ ಇರುವುದು ಯುದ್ಧ ಮುಗಿದ ಮೇಲೆ ಅದಕ್ಕೆ ಬಳಿದ ಬಣ್ಣದಲ್ಲಿ, ಕಟ್ಟಿದ ತಂತಿಯಲ್ಲಿ.

ಈಚೆಗೆ ಮದ್ದೂರು ಕಡೆಯಿಂದ ಬಂದದ್ದನ್ನೇ ನೋಡಿ. ಎರಡನೇ ಮಹಾಯುದ್ಧ ಕಾಲದ ಬ್ರಿಟಿಷರ ಮಾರ್ಕ್ 2 ಹೆಲ್ಮೆಟ್, ಅಗಲ ಅಂಚಿನದು. ಮನೆಯವರು ಅದನ್ನು ಮಗುಚಿ ಹಸುವಿಗೆ ಬೂಸಾ ಅಳೆಯುತ್ತಿದ್ದರು. ಗಲ್ಲಪಟ್ಟಿ ಸಿಕ್ಕಿಸುವ ಎರಡು ಕೊಂಡಿಗೆ ಕಟ್ಟುತಂತಿ ಬಿಗಿದು ಹಿಡಿಕೆ ಮಾಡಿದ್ದಾರೆ. ತಂತಿ ಉಜ್ಜಿ ಉಜ್ಜಿ ಕೊಂಡಿಯ ಒಳಮೈ ಸವೆದು ಹೊಳೆಯುತ್ತಿದೆ. ನೆತ್ತಿಯ ತೂತಿಗೆ ಅರಗು ಮೆತ್ತಿದ್ದಾರೆ. "ಗುಂಡು ಬಿದ್ದಿದ್ದಾ ಸಾರ್?" ಎಂದರು. ಅಲ್ಲ, ಒಳಗಿನ ಮೆತ್ತೆಯನ್ನು ಚಿಪ್ಪಿಗೆ ಹಿಡಿಸುವ ಒಂಟಿ ಬೋಲ್ಟಿನ ಜಾಗ ಅದು ಎಂದೆ. ಪಾಪ, ಮುಖ ಸಣ್ಣದಾಯಿತು.

ಅಂಚಿನಲ್ಲಿ ಚಕ್ಕೆ ಎದ್ದ ಕಡೆ ಭೂತಗನ್ನಡಿ ಹಿಡಿದರೆ ತಳದಲ್ಲಿ ಒರಟು ಖಾಕಿ, ಮೇಲೆ ಬಿಳಿ, ಅದರ ಮೇಲೆ ನೀಲಿ ಎನಾಮಲ್. ನೀಲಿ ಮನೆಯವರದ್ದೇ. ಆ ಬಿಳಿ ಎಲ್ಲಿಂದ ಬಂತು? 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿನ ಬಾಂಬು ಬಿದ್ದ ಕಾಲದ್ದಿರಬಹುದು. ವಾಯುದಾಳಿ ರಕ್ಷಣೆಯವರು ಹೆಲ್ಮೆಟ್ಟಿಗೆ ಬಣ್ಣ ಬಳಿದು ಅಕ್ಷರ ಬರೆಯುತ್ತಿದ್ದರು. ಬ್ರಿಟನ್ನಿನಲ್ಲಿ ಹಿರಿಯ ವಾರ್ಡನ್ನರದ್ದು ಬಿಳಿ. ಅಂಥ ಅಕ್ಷರ ಒಳಗೆ ಹೂತಿದ್ದರೆ ಓರೆ ಬೆಳಕಿನಲ್ಲಿ ಅದರ ಉಬ್ಬು ಕಾಣಬಹುದು. ಕೆರೆದುಬಿಟ್ಟರೆ ಹುಡುಕಲು ಏನೂ ಉಳಿಯುವುದಿಲ್ಲ. ಜೊತೆಗೆ ಹಳೆ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಪ್ಪುಕಾಗದ ಹಾಕಿ ಉಜ್ಜಿದರೆ ಆ ಧೂಳು ಹೋಗುವುದು ನಿಮ್ಮ ಶ್ವಾಸಕೋಶಕ್ಕೆ.

ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಬ್ರಿಟನ್ನಿನಲ್ಲಿ ತಯಾರಾದ ಯುದ್ಧದರ್ಜೆಯ ಚಿಪ್ಪಿಗೆ ಅದು ಅಂಟುವುದಿಲ್ಲ. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ, ಸುಮಾರು ಶೇ 12ರಷ್ಟು ಮ್ಯಾಂಗನೀಸ್ ಬೆರೆತ ಉಕ್ಕು ಅದು. ಹಾಗೆಂದು ಅಂಟಿದ್ದೆಲ್ಲ ನಕಲಿಯಲ್ಲ: ನಾಗರಿಕ ರಕ್ಷಣೆಗೆ ಸಾದಾ ಉಕ್ಕಿನವೂ ಬಂದವು, ಕೆಳದರ್ಜೆ ಎಂದು ತಿಳಿಯಲು ಅವುಗಳ ಅಂಚಿಗೆ ತೂತು ಕೊರೆಯುತ್ತಿದ್ದರು. ಜರ್ಮನ್ ಹೆಲ್ಮೆಟ್ಟಿಗೂ ಅಯಸ್ಕಾಂತ ಹಿಡಿಯುತ್ತದೆ.

ಈ ಮ್ಯಾಂಗನೀಸ್ ಉಕ್ಕಿನ ಗುಣವೇ ಬೇರೆ. ಏಟು ಬಿದ್ದಷ್ಟೂ ಗಟ್ಟಿಯಾಗುತ್ತದೆ. ಡ್ರಿಲ್ ಹಾಕಿದರೆ ಬಿಟ್ ಮೊಂಡಾಗುತ್ತದೆ. ಕೆಂಪಗೆ ಕಾಯಿಸಿ ಹಾಗೇ ಆರಲು ಬಿಟ್ಟರೆ ಮಾತ್ರ ಪೆಡಸು. ಆದ್ದರಿಂದ ತೂತು ಮುಚ್ಚಿಸಲು ಗ್ಯಾಸ್ ವೆಲ್ಡಿಂಗಿಗೆ ಕೊಡಲೇಬೇಡಿ. ಬಣ್ಣವೂ ಸುಡುತ್ತದೆ, ಉಕ್ಕೂ ಕೆಡುತ್ತದೆ.

ಗುಜರಿಯವರು ಹೇಳುವ ಕಥೆಗೆ ತಲೆದೂಗಬೇಡಿ. "ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಹಾಕಿಕೊಂಡಿದ್ದು" ಎಂದು ಮಾರ್ಕ್ 2 ತೋರಿಸುವವರಿದ್ದಾರೆ. ಮೈಸೂರಿನ ಈ ಕುದುರೆ ಪಡೆ ಕಾದಿದ, ಈಗ ಇಸ್ರೇಲಿನಲ್ಲಿರುವ ಹೈಫಾ ಕೈವಶವಾದದ್ದು 1918ರ ಸೆಪ್ಟೆಂಬರ್ 23ರಂದು, ಮಾರ್ಕ್ 2 ಬಂದದ್ದು 1938ರ ಸುಮಾರಿಗೆ. ಅಂಚಿನ ಒಳಬದಿಗೆ ಒತ್ತಿದ ಇಸವಿ ಸಿಕ್ಕರೆ ಜಗಳವೇ ಬೇಡ.

ಸೋತ ಜರ್ಮನಿಯಲ್ಲಿ ಹೆಲ್ಮೆಟ್ಟುಗಳನ್ನು ಕಾರ್ಖಾನೆಗಳಲ್ಲೇ ಜರಡಿಯಾಗಿ, ಪಾತ್ರೆಯಾಗಿ ಮಾರ್ಪಡಿಸಿದರು. ಉದ್ದ ಕೋಲು ಹಾಕಿ ಗಂಜಲದ ಗುಂಡಿಯ ಸೌಟು ಮಾಡಿದರು. ಅಲ್ಲಿನ ಸಂಗ್ರಹಕಾರರು ಇವನ್ನೂ ಹುಡುಕಿ ಕೊಳ್ಳುತ್ತಾರೆ. ನಮ್ಮ ಬೂಸಾ ಅಳತೆಗೆ ಯಾವ ಕೊರತೆ?

ಆರೈಕೆಯ ಕೆಲಸ ಕಮ್ಮಿ. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು, ಬಣ್ಣ ಗಟ್ಟಿಯಾಗಿರುವ ಕಡೆ ಮೈಕ್ರೋಕ್ರಿಸ್ಟಲಿನ್ ಮೇಣ (ಪೆಟ್ರೋಲಿಯಂನಿಂದ ಬರುವ ನಯ ಮೇಣ) ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಧೂಳು ಅಂಟುತ್ತದೆ. ತಂತಿ ಬಿಚ್ಚಬೇಡಿ.

ಮಾರ್ಕ್ 2ಕ್ಕೂ ಹಿಂದಿನ, ಮೊದಲ ಮಹಾಯುದ್ಧದ ಬ್ರಿಟಿಷ್ ಹೆಲ್ಮೆಟ್ ಬ್ರೋಡಿ ಸಿಕ್ಕರೆ ವಿಷಯ ಬೇರೆ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತು 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತು. ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. 1940ರ ದಶಕದ್ದಕ್ಕೂ ಕಸ್ಟಮ್ಸ್‌ನವರು ತಕರಾರು ತೆಗೆಯಬಹುದು. ಪಾರ್ಸೆಲ್ ಕಟ್ಟುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ 'ಪುರಾವಸ್ತು ಅಲ್ಲ' ಎಂಬ ಪ್ರಮಾಣಪತ್ರ ಮಾಡಿಸಿಕೊಳ್ಳಿ.