ಬೈಬಲಿಗೆ ಹೊಸ ಪುಸ್ತಕ ಏಕೆ ಸೇರುವುದಿಲ್ಲ

ಬೆಳಗಾವಿಯ ಕಥೋಲಿಕರು ಓದುವ ಬೈಬಲಿನಲ್ಲಿ 73 ಪುಸ್ತಕಗಳಿವೆ. ಅದೇ ಊರಿನ ಪ್ರೊಟೆಸ್ಟಂಟ್ ಪಂಥದ ಮೆಥೋಡಿಸ್ಟ್ ಕುಟುಂಬಗಳ ಮನೆಯಲ್ಲಿರುವ ಸತ್ಯವೇದದಲ್ಲಿ 66. ತೋಬಿತ, ಜೂಡಿತ, ಮಕ್ಕಬಿಯರು ಮೊದಲಾದ ಏಳು ಪುಸ್ತಕಗಳು ಒಂದರಲ್ಲಿವೆ, ಇನ್ನೊಂದರಲ್ಲಿಲ್ಲ. ಹೀಗಿದ್ದೂ, ದೇವರು ಮನುಷ್ಯನಿಗೆ ತಿಳಿಸಬೇಕಾದುದನ್ನು ಪೂರ್ಣವಾಗಿ ತಿಳಿಸಿದ್ದಾನೆ, ಆ ಪ್ರಕಟಣೆಗೆ ಇನ್ನು ಸೇರಿಸುವಂಥದ್ದು ಏನೂ ಉಳಿದಿಲ್ಲ ಎಂಬ ವಿಷಯದಲ್ಲಿ ಇಬ್ಬರ ಮಾತೂ ಒಂದೇ. ಪಟ್ಟಿಯಲ್ಲೇ ಭೇದವಿರುವಾಗ ಈ ಒಮ್ಮತ ಹೇಗೆ ಸಾಧ್ಯವೆಂದು ಅನ್ಯಧರ್ಮದ ಗೆಳೆಯರು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ.

ಉತ್ತರದ ಬೇರು ಪುಸ್ತಕದಲ್ಲಿಲ್ಲ, ವ್ಯಕ್ತಿಯಲ್ಲಿದೆ. ಹಿಂದೆ ಪ್ರವಾದಿಗಳ ಮೂಲಕ ಬಗೆಬಗೆಯಾಗಿ ಮಾತಾಡಿದ ದೇವರು ಕೊನೆಗೆ ತನ್ನ ಮಗನ ಮೂಲಕ ಮಾತಾಡಿದನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಆರಂಭದಲ್ಲೇ ಹೇಳುತ್ತದೆ. ಕ್ರಿಸ್ತನಲ್ಲಿ ದೇವರು ತನ್ನನ್ನೇ ಕೊಟ್ಟಿರುವನೆಂದ ಮೇಲೆ ಅದಕ್ಕಿಂತ ಹೆಚ್ಚಿನ ಪ್ರಕಟಣೆ ಇರಲಾರದು. ಆತನನ್ನು ಕಂಡು ಕೇಳಿದ ಅಪೊಸ್ತಲರ, ಅಂದರೆ ಆತನು ಕಳುಹಿಸಿದ ಮೊದಲ ಸಾಕ್ಷಿಗಳ ತಲೆಮಾರು ಗತಿಸಿದಾಗ ಆ ಸಾಕ್ಷ್ಯವೂ ಮುಗಿಯಿತು. ಹೊಸಬರು ಅದನ್ನು ವಿವರಿಸಬಹುದೇ ಹೊರತು ಬೆಳೆಸುವಂತಿಲ್ಲ.

ಆದರೆ ಆ ಸಾಕ್ಷ್ಯ ಯಾವ ಬರಹಗಳಲ್ಲಿದೆ ಎಂಬುದನ್ನು ಸಭೆ, ಅಂದರೆ ಕ್ರೈಸ್ತ ಸಮುದಾಯ, ಖಚಿತಪಡಿಸಲು ತಗಾದೆಗಳೇ ಕಾರಣವಾದವು. ಕಪ್ಪು ಸಮುದ್ರದ ದಡದ ಸಿನೋಪೆಯಿಂದ ರೋಮ್‌ಗೆ ಬಂದ ಮಾರ್ಸಿಯನ್, ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ಬೋಧಿಸಿದನು. ಅವನು ಹಳೆಯ ಒಡಂಬಡಿಕೆಯನ್ನು ಪೂರ್ತಿ ಕೈಬಿಟ್ಟು, ತನಗೆ ಬೇಕಾದಂತೆ ಕತ್ತರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಉಳಿಸಿಕೊಂಡನು. ಸುಮಾರು ಕ್ರಿ.ಶ. 144ರಲ್ಲಿ ರೋಮ್‌ನ ಸಭೆ ಅವನನ್ನು ಹೊರಹಾಕಿತು. ಅದೇ ಶತಮಾನದಲ್ಲಿ ಇಂದಿನ ಟರ್ಕಿಯಲ್ಲಿರುವ ಫ್ರಿಜಿಯದ ಮೊಂಟಾನಸ್, ಅವನೊಂದಿಗೆ ಪ್ರಿಸ್ಕಿಲ್ಲ ಮತ್ತು ಮ್ಯಾಕ್ಸಿಮಿಲ್ಲ ಎಂಬ ಇಬ್ಬರು ಮಹಿಳೆಯರು, ಪವಿತ್ರಾತ್ಮನು ತಮ್ಮ ಬಾಯಿಂದ ಹೊಸ ಪ್ರವಾದನೆ ನುಡಿಯುತ್ತಿದ್ದಾನೆಂದರು. ಒಬ್ಬನು ಕಡಿಮೆ ಮಾಡಹೊರಟನು, ಇನ್ನೊಬ್ಬನು ಕೂಡಿಸಹೊರಟನು. ಇಬ್ಬರಿಗೂ ಉತ್ತರಿಸಬೇಕಾದ ಸಭೆ, ತಾನು ಈಗಾಗಲೇ ಆರಾಧನೆಯಲ್ಲಿ ಓದುತ್ತಿದ್ದುದನ್ನು ಪಟ್ಟಿಯಾಗಿ ಹೇಳಲೇಬೇಕಾಯಿತು.

ಆಯ್ಕೆ ಸಲೀಸಾಗಿರಲಿಲ್ಲ. ಪೇತ್ರನ ಎರಡನೆಯ ಪತ್ರ, ಯೂದನ ಪತ್ರ, ‘ಪ್ರಕಟನೆ’ ಎಂಬ ಪುಸ್ತಕ ಇವುಗಳ ಬಗ್ಗೆ ಬಹುಕಾಲ ಸಂದೇಹವಿತ್ತು. ಹರ್ಮಾಸನ ‘ಕುರುಬ’ ಎಂಬ ಕೃತಿಯನ್ನಂತೂ ಅನೇಕರು ಭಕ್ತಿಯಿಂದ ಓದುತ್ತಿದ್ದರು. ಆದರೂ ಮುರಟೋರಿಯ ಪಟ್ಟಿ ಎಂದು ಹೆಸರಾದ ಪ್ರಾಚೀನ ದಾಖಲೆ ಅದನ್ನು ಪ್ರವಾದಿಗಳ, ಅಪೊಸ್ತಲರ ಸಾಲಿಗೆ ಸೇರಿಸದು, ಏಕೆಂದರೆ ಅದು ತೀರ ಇತ್ತೀಚಿನದು. ಭಕ್ತಿ ಹುಟ್ಟಿಸುವ ಪುಸ್ತಕವೆಂಬುದಷ್ಟೇ ಸಾಲದು, ಅಪೊಸ್ತಲರ ಸಾಕ್ಷ್ಯವೂ ಆಗಿರಬೇಕು ಎಂಬ ಈ ನಿಷ್ಠುರತೆಯೇ ನನಗೆ ಇಡೀ ಇತಿಹಾಸದಲ್ಲಿ ಹೆಚ್ಚು ಗೌರವ ಹುಟ್ಟಿಸುವ ಸಂಗತಿ. 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಈಸ್ಟರ್ ಪತ್ರದಲ್ಲಿ ಇಂದಿನ 27 ಪುಸ್ತಕಗಳ ಹೊಸ ಒಡಂಬಡಿಕೆಯನ್ನೇ ಹೆಸರಿಸಿದನು. 397ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಕೂಡಿದ ಬಿಷಪ್‌ಗಳ ಸಭೆ ಕೊಟ್ಟ ಹೊಸ ಒಡಂಬಡಿಕೆಯ ಪಟ್ಟಿಯೂ ಅದೇ. ಹಳೆಯ ಒಡಂಬಡಿಕೆಯ ಏಳು ಪುಸ್ತಕಗಳ ಭೇದ ಖಾಯಂ ಆದದ್ದು ಹದಿನಾರನೆಯ ಶತಮಾನದಲ್ಲಿ: ಪ್ರೊಟೆಸ್ಟಂಟರು ಯೆಹೂದ್ಯರ ಹೀಬ್ರೂ ಪಟ್ಟಿಯನ್ನು ಅನುಸರಿಸಿದರು, ಕಥೋಲಿಕರು 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ತಮ್ಮ ಪಟ್ಟಿಯನ್ನು ದೃಢಪಡಿಸಿದರು.

ಸಂಪೂರ್ಣವೆಂದರೆ ಎಲ್ಲವನ್ನೂ ಬರೆದಿದೆಯೆಂದಲ್ಲ. ಯೇಸು ಮಾಡಿದ್ದನ್ನೆಲ್ಲ ಬರೆದರೆ ಲೋಕವೇ ಹಿಡಿಸಲಾರದೆಂದು ಯೋಹಾನನ ಸುವಾರ್ತೆಯೇ ಒಪ್ಪುತ್ತದೆ. ರಕ್ಷಣೆಗೆ ಬೇಕಾದುದರಲ್ಲಿ ಕೊರತೆಯಿಲ್ಲ ಎಂಬುದೇ ಇಲ್ಲಿನ ಅರ್ಥ. ಪ್ರೊಟೆಸ್ಟಂಟರು ಅದಕ್ಕೆ ಗ್ರಂಥವೊಂದೇ ಸಾಕೆನ್ನುತ್ತಾರೆ. ಕಥೋಲಿಕರು ಅದನ್ನು ಧರ್ಮಸಭೆಯ ಪರಂಪರೆಯೊಂದಿಗೆ ಓದಬೇಕೆನ್ನುತ್ತಾರೆ. ಕ್ರಿಸ್ತನ ಪುನರಾಗಮನದವರೆಗೆ ಹೊಸ ‘ಸಾರ್ವಜನಿಕ ಪ್ರಕಟಣೆ’ಯನ್ನು, ಅಂದರೆ ಎಲ್ಲರಿಗಾಗಿ ದೇವರು ಕೊಡುವ ಪ್ರಕಟಣೆಯನ್ನು, ನಿರೀಕ್ಷಿಸಬೇಕಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮತ್ತೆ ಹೇಳಿತು.

ಪ್ರೊಟೆಸ್ಟಂಟ್ ಧರ್ಮಪ್ರಚಾರಕ ಸಂಸ್ಥೆಗಳು, 1820ರಲ್ಲಿ ಲಂಡನ್ ಮಿಷನ್ ಬೆಳಗಾವಿಗೆ, 1851ರಲ್ಲಿ ಬಾಸೆಲ್ ಮಿಷನ್ ನೇಕಾರರ ಊರಾದ ಗುಳೇದಗುಡ್ಡಕ್ಕೆ ಬಂದಾಗ ತಂದದ್ದು ಹೀಗೆ ಗಡಿ ಗುರುತಿಸಿದ ಗ್ರಂಥವನ್ನೇ. ಆದರೆ ಮೊಂಟಾನಸನ ಪ್ರಶ್ನೆ ಹಳೆಯದಾಗಿಲ್ಲ. ಇಂದಿಗೂ ನಮ್ಮ ಭಾಗದ ಪ್ರಾರ್ಥನಾ ಕೂಟಗಳಲ್ಲಿ ಯಾರಾದರೂ ಎದ್ದು, ಕರ್ತನು ತನಗೆ ಹೀಗೆ ತಿಳಿಸಿದನೆಂದು ಪ್ರವಾದನೆ ನುಡಿಯುವುದುಂಟು. ಅದನ್ನು ತಳ್ಳಿಹಾಕಬೇಕಿಲ್ಲ, ಹಾಗೆಂದು ತಲೆಯ ಮೇಲೆ ಹೊರಬೇಕಾಗಿಯೂ ಇಲ್ಲ; ಅದು ದೇವರ ವಾಕ್ಯಕ್ಕೆ ಒಪ್ಪುತ್ತದೆಯೇ ಎಂದು ಬೈಬಲ್ ತೆರೆದು ನೋಡುವ ಹಕ್ಕು ಕೂಟದ ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಇದೆ.